ಐದು ಕಿಲೋ ದಾಟಿದ ಕೂಸು

ಆ ಚಳಿಗಾಲದ ಕಥೆಯನ್ನು ನಮ್ಮ ಮನೆಯವರು ಹೇಳುವ ರೀತಿ ಒಂದೇ: "ಇಂಜೆಕ್ಷನ್ ಸ್ಟಾಕ್ ಇರಲಿಲ್ಲ, ನಾವರ ಏನ್ ಮಾಡೋದಿತ್ತು?" ಅಮೆರಿಕದಲ್ಲೂ ಹೀಗಾ ಎಂದು ಕೇಳಿದವರು ಅಚ್ಚರಿಪಡುತ್ತಾರೆ, ಅಷ್ಟರಲ್ಲಿ ಚಹಾ ಬರುತ್ತದೆ, ಮಾತು ಮುಗಿಯುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು, ಒಂದು ಮಾತು ಸುಳ್ಳೋ ನಿಜವೋ ಎನ್ನುವ ಮೊದಲು ಅದು ಯಾವತ್ತಿನ ಮಾತು ಎಂದು ಕೇಳುವುದನ್ನು. ಸ್ಟಾಕ್ ಇರಲಿಲ್ಲ, ಒಪ್ಪಿದೆ. ಯಾವತ್ತು ಇರಲಿಲ್ಲ?

2023ರ ಅಕ್ಟೋಬರ್. ಅಕ್ಕನ ಮಗನಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ನಿಂದ ವೀಕೆಂಡಿಗೆಂದು ಸ್ಯಾನ್ ಡಿಯೇಗೊದ ಅಕ್ಕನ ಮನೆಗೆ ಹೋದವಳು ನಾನು. ಅಕ್ಕ, ಭಾವ, ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದ ಅಕ್ಕನ ಅತ್ತೆ, ಎಲ್ಲರ ಜೊತೆ ಮಕ್ಕಳ ಕ್ಲಿನಿಕ್ಕಿಗೂ ಹೋದೆ.

ಡಾಕ್ಟರ್ ಆರ್‌ಎಸ್‌ವಿ ಎಂಬ ವೈರಸ್ಸಿನ ಬಗ್ಗೆ ಹೇಳಿದರು. ನಮಗೆ ಬಂದರೆ ಬರೀ ನೆಗಡಿ, ಹಸುಗೂಸಿಗೆ ಬಂದರೆ ಶ್ವಾಸಕೋಶಕ್ಕೇ ಇಳಿಯಬಹುದು. ಅದನ್ನು ತಡೆಯಲು ಬಂದಿರುವ ಹೊಸ ಇಂಜೆಕ್ಷನ್ ಲಸಿಕೆಯಲ್ಲ. ಸಿದ್ಧಪಡಿಸಿದ ಆ್ಯಂಟಿಬಾಡಿಯನ್ನೇ ತೊಡೆಗೆ ಚುಚ್ಚುತ್ತಾರೆ, ಒಂದು ಚಳಿಗಾಲಕ್ಕೆ ಸಾಕು. ನಾನು ಬಿಡಲಿಲ್ಲ. ಎಷ್ಟು ಮಕ್ಕಳ ಮೇಲೆ ಪರೀಕ್ಷೆಯಾಗಿದೆ? ಆ ಪರೀಕ್ಷೆಗೆ ದುಡ್ಡು ಹಾಕಿದ್ದು ಯಾರು? "ತಯಾರಿಸಿದ ಕಂಪನಿಯೇ. ನೀವು ಕೇಳಿದ್ದು ಸರಿ," ಎಂದು ಆಕೆ ಒಂದೊಂದಕ್ಕೂ ನೇರ ಉತ್ತರ ಕೊಟ್ಟರು.

ಸಿರಿಂಜ್‌ಗಳಲ್ಲಿ ಎರಡು ಬಗೆ. ಐದು ಕಿಲೋದೊಳಗಿನ ಕೂಸಿಗೆ ಚಿಕ್ಕದು, ಅದಕ್ಕಿಂತ ಮೇಲಿನವರಿಗೆ ದೊಡ್ಡದು. ನಮ್ಮವನು ಐದರ ಹೊಸ್ತಿಲಲ್ಲಿದ್ದ. ಚಿಕ್ಕದು ಅಲ್ಲೇ ಫ್ರಿಜ್ಜಿನಲ್ಲಿತ್ತು.

"ನಾಳೆ ಕ್ಯಾಲಬಾಸಸ್ ಗುಡಿಗೆ ಹೊಂಟೀವಿ," ಅಂದರು ಭಾವ. "ಅವ್ವ ಹರಕಿ ಹೊತ್ತಾಳ. ಜ್ವರಗಿರ ಬಂದ್ರ ಅಷ್ಟ್ ದೂರ ಡ್ರೈವ್ ಮಾಡೂದ್ ಹೆಂಗ? ಮುಂದಿನ ವಾರ ಹಾಕ್ಸೋಣ."

"ಭಾವಾ, ದೇವ್ರು ಮುಂದಿನ ವಾರನೂ ಅಲ್ಲೇ ಇರ್ತಾನ."

"ಸೂಜಿನೂ ಇಲ್ಲೇ ಇರ್ತೈತಿ ತಗೋ, ವಕೀಲವ್ವಾ. ಮೊದಲ ಕೂಸಿನ ಕಾಲಿಗೆ ಸಾಕ್ಸ್ ಹಾಕು."

ಅತ್ತೆ ನಕ್ಕರು. ಅಕ್ಕನೂ ನಕ್ಕಳು. ಡೇಟ್ ಬದಲಿಸಲು ಭಾವ ಡಾಕ್ಟರ್ ಜೊತೆ ಒಳಗೇ ನಿಂತರು, ನಾವು ಮೂವರು ಕೂಸನ್ನೆತ್ತಿಕೊಂಡು ಕಾರಿನತ್ತ ನಡೆದೆವು.

ಮುಂದಿನ ವಾರದ್ದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ನರ್ಸ್ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿದರು. "ಐದ್ ದಾಟ್ಯಾನ! ನಾ ಎಣ್ಣಿ ಹಚ್ಚಿ ತೀಡಿದ್ದು ಸುಳ್ಳಾಗಲಿಲ್ಲ ನೋಡವಾ!" ಎನ್ನುತ್ತ ಅತ್ತೆ ದೃಷ್ಟಿಯಾದೀತೆಂದು ನೆಟಿಗೆ ಮುರಿದರು. ನರ್ಸ್ ಮಾತ್ರ ನಗಲಿಲ್ಲ. ಇನ್ನು ಅವನಿಗೆ ದೊಡ್ಡ ಸಿರಿಂಜೇ ಆಗಬೇಕು. ದೊಡ್ಡದು ಅಲ್ಲಿ ಖಾಲಿ, ಎಂದು ಬರುವುದೋ ಗೊತ್ತಿಲ್ಲ.

"ಚಿಕ್ಕದನ್ನೇ ಎರಡು ಕೊಡಿ," ಎಂದು ಫೋನಿನಿಂದಲೇ ವಾದಕ್ಕಿಳಿದೆ.

"ಅವು ಇನ್ನೆರಡು ಕೂಸುಗಳ ಪಾಲಿನವು," ಅಂದರು ಡಾಕ್ಟರ್. ಆಮೇಲೆ ಭಾವನ ಕಡೆ ತಿರುಗಿ, "ಇದನ್ನು ನಾವು ಮಾತಾಡಿದ್ದೆವಲ್ಲ?" ಅಂದರು. ಫೋನ್ ಹಿಡಿದಿದ್ದವರು ಭಾವ. ಮರುಕ್ಷಣ ನನ್ನ ಪರದೆಯಲ್ಲಿ ಕ್ಲಿನಿಕ್ಕಿನ ಬಿಳಿ ಛಾವಣಿ ಮಾತ್ರ ಕಾಣುತ್ತಿತ್ತು.

ಲಾಸ್ ಏಂಜಲೀಸ್‌ನಲ್ಲಿ ನನಗೆ ಗೊತ್ತಿದ್ದ ಕ್ಲಿನಿಕ್ಕುಗಳಿಗೆಲ್ಲ ಫೋನ್ ಮಾಡಿದೆ. ಎಲ್ಲೂ ಇಲ್ಲ. ಸ್ಯಾನ್ ಡಿಯೇಗೊದ ರ್ಯಾಂಚೊ ಪೆನಾಸ್ಕಿಟೋಸ್‌ನ ಅಕ್ಕನ ಮನೆಯಲ್ಲಿ ಆಮೇಲೆ ಯಾರು ಗಂಟಲು ಸರಿಮಾಡಿಕೊಂಡರೂ ಅಕ್ಕ ತಲೆಯೆತ್ತಿ ನೋಡುವಂತಾಯಿತು. ಎಲ್ಲರೂ ಒಂದೊಂದು ಅಡುಗೆ ತಂದು ಕೂಡುವ ದೀಪಾವಳಿ ಪಾಟ್‌ಲಕ್ಕಿಗೆ ಅವಳು ಹೋಗಲಿಲ್ಲ. ಜನವೇ ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಬಂದರು. ಒಬ್ಬ ಅಂಕಲ್ ಮೂಗೊರೆಸಿಕೊಂಡ ಕೈಯಲ್ಲೇ ಕೂಸಿನ ಕೆನ್ನೆ ಹಿಂಡಿ, "ಏನಿಲ್ಲಮ್ಮ, ಬರೀ ಕೋಲ್ಡು," ಅಂದರು. ಹಿರಿಯರು, ಯಾರು ತಡೆಯುತ್ತಾರೆ? ಅವರು ಹೋದ ಮೇಲೆ ಅಕ್ಕ ಆ ಕೆನ್ನೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದಳು.

ಅದಾಗಿ ಕೆಲವು ದಿನಕ್ಕೆ ಮೂಗು ಕಟ್ಟಿತು. ಆಮೇಲೆ ಕೂಸು ಹಾಲು ಬಿಟ್ಟಿತು. ನಾನು ಡ್ರೈವ್ ಮಾಡಿಕೊಂಡು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನ ಮೂಗಿಗೆ ಆಕ್ಸಿಜನ್ ಕೊಳವೆ ಹಚ್ಚಿದ್ದರು; ಆರ್‌ಎಸ್‌ವಿ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಗುಳಿಬಿದ್ದು ಮೇಲೇಳುತ್ತಿತ್ತು. ಗುಳಿ ಬಿದ್ದಾಗಲೆಲ್ಲ ಅದು ಮತ್ತೆ ಮೇಲೇಳುವವರೆಗೆ ನಾವೂ ಉಸಿರು ಬಿಡುತ್ತಿರಲಿಲ್ಲ.

ಇಂಜೆಕ್ಷನ್ ಹಾಕಿಸಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಅದನ್ನು ಸಾಧಿಸಲು ನನ್ನಿಂದಾಗದು. ಅವನು ಗುಣವಾಗಿ ಮನೆಗೆ ಬಂದ. ಈಗಲೂ ನೆಗಡಿಯಾದರೆ ಅವನ ಎದೆ ಸುಯ್ಯೆನ್ನುತ್ತದೆ. ಅದಕ್ಕೆ ಆ ಕಾಯಿಲೆಯೇ ಕಾರಣವೆಂದೂ ನಾನು ಹೇಳಲಾರೆ. ಆದರೆ ನಮ್ಮ ಮನೆಯ ಕಥೆ ಹುಟ್ಟಿದ ಜಾಗ ನನಗೆ ಗೊತ್ತು: ಆ ಆಸ್ಪತ್ರೆಯ ಕಾರಿಡಾರ್. ಭಾವ ಧಾರವಾಡಕ್ಕೆ ಫೋನಿನಲ್ಲಿ ಹೇಳುತ್ತಿದ್ದರು: "ಸ್ಟಾಕ್ ಇರಲಿಲ್ರೀ ಕಾಕಾ, ನಾವರ ಏನ್ ಮಾಡೋದಿತ್ತು?"

ಅಕ್ಕ ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಜನ್ಮದಲ್ಲಿ ಯಾರೊಡನೆಯೂ ವಾದ ಮಾಡಿದವಳಲ್ಲ. ಅವರು ಫೋನ್ ಇಡುವವರೆಗೆ ಕಾದು, ದನಿ ಏರಿಸದೆ ಕೇಳಿದಳು:

"ರೀ, ತೂಕ ದಾಟಿದ್ರ ಸೂಜಿ ಸಿಗೂದಿಲ್ಲ ಅಂತ ಡಾಕ್ಟರ್ ಆವತ್ತೇ ನಿಮಗ ಹೇಳಿದ್ರೇನು?"