ಒಂದೇ ಕಂಪ್ಯೂಟರಿಗೆ ಮೂರು ಅಡ್ರೆಸ್ಸು

ಮರ್ಫಿ ಟೌನಿನ ನಮ್ಮ ಬುದ್ಧವಿಹಾರದ ವಾಚನಾಲಯದಲ್ಲಿ ಮೂರು ಹಳೆಯ ಕಂಪ್ಯೂಟರುಗಳಿವೆ. ಜೋಡಿಸಿಕೊಟ್ಟವಳು ನಮ್ಮ ಪಕ್ಕದ ಮನೆಯ ಹುಡುಗಿ, ದೊಡ್ಡನೆಕ್ಕುಂದಿಯ ಆಫೀಸೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಾಳೆ. ದಿನಾ ಬೀಗ ತೆಗೆದು ಕೂರುವವಳು ನಾನು. ಒಂದು ಮಧ್ಯಾಹ್ನ ಬಾಗಿಲ ಪಕ್ಕದ ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ ಬರಲಿಲ್ಲ. ಅವಳಿಗೆ ಫೋನ್ ಮಾಡಿದೆ.

“ಅದಕ್ಕೆ ನೆಟ್‌ವರ್ಕಲ್ಲಿ ಅಡ್ರೆಸ್ ಸಿಕ್ಕಿಲ್ಲ ಆಂಟಿ, ಮನೆ ನಂಬರ್ ಥರ, ನಾವೇ ಕೊಡ್ಬೇಕು. ಒಂದು ಲೈನ್ ಮೆಸೇಜ್ ಮಾಡ್ತೀನಿ, ಕಮಾಂಡ್ ಹೊಡೆಯೋ ಆ ಕಪ್ಪು ಸ್ಕ್ರೀನಲ್ಲಿ ಹಾಗೇ ಟೈಪ್ ಮಾಡಿ. ಮಿಕ್ಕಿದ್ದು ಮೀಟಿಂಗ್ ಮುಗಿಸ್ಕೊಂಡು ಹೇಳ್ತೀನಿ.”

ಅವಳು ಕಳಿಸಿದ ಸಾಲಿನಲ್ಲಿ ಚುಕ್ಕಿಯಿಟ್ಟ ನಾಲ್ಕು ಸಂಖ್ಯೆಗಳ ಅಡ್ರೆಸ್ಸು, ಕೊನೆಯದು ನಲವತ್ತೈದು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪಾಸ್‌ವರ್ಡ್ ಕೇಳಿತು, ಹೊಡೆದ ಒಂದಕ್ಷರವೂ ಮೂಡಲಿಲ್ಲ. ಕೀಬೋರ್ಡೇ ಕೆಟ್ಟಿತೇನೋ ಎಂದುಕೊಂಡು ಎಂಟರ್ ಒತ್ತಿದೆ. ಆಯಿತು ಎಂದೂ ಹೇಳಲಿಲ್ಲ, ಆಗಲಿಲ್ಲ ಎಂದೂ ಹೇಳಲಿಲ್ಲ. ಇಂಟರ್ನೆಟ್ಟಂತೂ ಬರಲಿಲ್ಲ.

ಮತ್ತೊಮ್ಮೆ ಅದೇ ಸಾಲು ಹೊಡೆದೆ. ಈ ಸಲ ‘ಫೈಲ್ ಎಕ್ಸಿಸ್ಟ್ಸ್’, ಅಂದರೆ ಫೈಲು ಇದೆ, ಎಂದು ಬಂತು. ಯಾವ ಫೈಲು? ನಲವತ್ತೈದು ಬೇರೆ ಯಾರದೋ ಇರಬೇಕೆಂದು ನಲವತ್ತಾರು ಕೊಟ್ಟೆ. ಮತ್ತೆ ಮೌನ. ನಲವತ್ತೇಳು ಕೊಟ್ಟೆ. ಅದಕ್ಕೂ ಮೌನವೇ.

ಅಷ್ಟರಲ್ಲಿ ಒಳಗಿನ ಕಂಪ್ಯೂಟರಿನಲ್ಲಿ ಕೆಲಸದ ಅರ್ಜಿ ತುಂಬುತ್ತಿದ್ದ ರಾಯಚೂರಿನ ಹೆಣ್ಣುಮಗಳು ಕೂಗಿದಳು: “ಅಕ್ಕಾ, ನಂದು ನಿಂತೇ ಬಿಟ್ತು ನೋಡ್ರೀ!”

ಅವಳ ಕಂಪ್ಯೂಟರನ್ನು ನಾನು ಮುಟ್ಟಿಯೂ ಇರಲಿಲ್ಲ. ಮೀಟಿಂಗ್ ಇದ್ದರೆ ಇರಲಿ ಎಂದು ಮತ್ತೆ ಫೋನ್ ಮಾಡಿದೆ. ಹುಡುಗಿ ಇನ್ನೊಂದು ಸಾಲು ಹೊಡೆಸಿ, ಕಂಡದ್ದನ್ನೆಲ್ಲ ಓದಿಸಿದಳು.

“ಅಯ್ಯೋ ಆಂಟಿ, ಒಂದಕ್ಕೇ ಮೂರು ಅಡ್ರೆಸ್ ಕೊಟ್ಬಿಟ್ಟಿದ್ದೀರ! ನಲವತ್ತಾರು ಒಳಗಡೆ ಕಂಪ್ಯೂಟರ್ದು, ಎರಡಕ್ಕೂ ಒಂದೇ ಆಗಿ ಅದು ನಿಂತ್ಹೋಗಿದೆ.”

“ಅದು ಏನೂ ಹೇಳ್ಲೇ ಇಲ್ವಲ್ಲಮ್ಮ.”

“ಏನೂ ಹೇಳ್ದಿದ್ರೆ ಆಯ್ತು ಅಂತ ಅರ್ಥ.”

“ಮತ್ತೆ ಆ ಫೈಲು?”

“ಫೈಲ್ ಅಲ್ಲ, ಆ ಅಡ್ರೆಸ್ ಆಗ್ಲೇ ಕೊಟ್ಟಾಗಿದೆ ಅಂತ.”

ಹಾಗಾದರೆ ಹಾಗೆಯೇ ಹೇಳಬಾರದಿತ್ತೇ ಎಂದು ಕೇಳಿದೆ. ಅವಳು ನಕ್ಕಳು. ನಲವತ್ತಾರು, ನಲವತ್ತೇಳು ಎರಡನ್ನೂ ಅಳಿಸಲು ಹೇಳಿಕೊಟ್ಟಳು. ಕಂಪ್ಯೂಟರಿಗೆ ಹೊರಗೆ ಹೋಗುವ ದಾರಿ ತೋರಿಸುವ ಸಾಲೊಂದು ಬಾಕಿಯಿತ್ತಂತೆ, ಅದನ್ನೂ ಹೊಡೆಸಿದಳು. ಇಂಟರ್ನೆಟ್ ಬಂತು. ಸ್ವಲ್ಪ ಹೊತ್ತಿಗೆ ಒಳಗಿನದೂ ಸರಿಹೋಯಿತು.

ರಾಯಚೂರಿನವಳ ಅರ್ಜಿ ಪುಣ್ಯಕ್ಕೆ ಅಳಿಸಿಹೋಗಿರಲಿಲ್ಲ. ಕಳಿಸಿ ಎದ್ದವಳು, “ಹೆಂಗ ಸರಿ ಮಾಡಿದ್ರಿ ಅಕ್ಕಾ?” ಎಂದಳು.

“ನಂಗೂ ಗೊತ್ತಿಲ್ಲ ಕಣಮ್ಮ” ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಕೆ.ಆರ್. ಪುರದ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಓಡಿದಳು.