ಮಜ್ಜಿಗೆ ಹೊಳಬಸಪ್ಪ

ಬೇಸಿಗೆ ಬಂತೆಂದರೆ ಇಳಕಲ್ಲಿನ ನೇಕಾರ ಹೊಳಬಸಪ್ಪ ಅರ್ಧ ವೈದ್ಯನಾಗಿಬಿಡುತ್ತಾನೆ. ಅಜ್ಜನಿಂದ ಕಲಿತ ಆಯುರ್ವೇದವೆಲ್ಲ ಅವನಿಗೆ ಮಜ್ಜಿಗೆಯೊಂದರಲ್ಲೇ ಅಡಗಿದೆ. ಕಣ್ಣುರಿಗೂ ಮಜ್ಜಿಗೆ, ಉರಿಮೂತ್ರಕ್ಕೂ ಮಜ್ಜಿಗೆ, ಬೀಗರ ಸಿಟ್ಟಿಗೂ ಮಜ್ಜಿಗೆ! ಬೆಣ್ಣೆ ತೆಗೆದ ಮಜ್ಜಿಗೆಗೆ ಜೀರಿಗೆ, ಹಸಿಶುಂಠಿ, ಸೈಂಧವ ಲವಣ ಬೆರೆಸಿ, ಮಧ್ಯಾಹ್ನ ಮಗ್ಗ ನಿಲ್ಲಿಸಿ ಬಾಗಿಲಲ್ಲಿ ನಿಂತುಬಿಡುತ್ತಾನೆ. ತಂಪು ಪಾನೀಯದ ಬಾಟಲಿ ಹಿಡಿದು ಬಂದ ಸೀರೆ ವ್ಯಾಪಾರಿಗೂ ಬಿಡುಗಡೆಯಿಲ್ಲ: “ಅದು ಬಾಯಿಗಷ್ಟ ತಂಪರಿ, ಇದು ಹೊಟ್ಟಿಗೆ ತಂಪು. ಮೊದಲ ಕುಡೀರಿ, ಆಮ್ಯಾಲ ವ್ಯಾಪಾರ!” ಓಣಿಯವರು ನಗುತ್ತಲೇ ಲೋಟ ಖಾಲಿ ಮಾಡುತ್ತಾರೆ. ಹೋದ ವೈಶಾಖದಲ್ಲಿ ಅವನ ಹೆಂಡತಿ ಚಂದ್ರವ್ವ ಬಿಸಿಲಿನ ಝಳಕ್ಕೆ ಮಗ್ಗದ ಮೇಲೆಯೇ ಕುಸಿದಿದ್ದಳು. ದವಾಖಾನೆಯಿಂದ ಮನೆಗೆ ಬಂದರೂ ಅನ್ನದ ವಾಸನೆಗೇ ಮುಖ ತಿರುಗಿಸುತ್ತಿದ್ದಳು. ಹೊಳಬಸಪ್ಪ ನೇಯುವುದನ್ನೇ ಬಿಟ್ಟು, ಹಾಸಿಗೆಯ ಪಕ್ಕ ಕೂತು, ಮಗುವಿಗೆ ಕುಡಿಸುವಂತೆ ಚಮಚ ಚಮಚವಾಗಿ ತಿಳಿಮಜ್ಜಿಗೆ ಕುಡಿಸಿದ. ಅಂದಿನಿಂದ ಒಣಗಿದ ತುಟಿ ಕಂಡರೆ ಅವನಿಗೆ ತಡೆಯಲಾಗುವುದಿಲ್ಲ. ಮೊನ್ನೆ ಚಂದ್ರವ್ವ, ಹಾಸಿಗೆ ಹಿಡಿದು ಎದ್ದ ಮೇಲೆ ಮೊದಲ ಸಲ, ಕೆಂಪು ಸೆರಗಿನ ಸೀರೆಯೊಂದನ್ನು ತಾನೇ ನೇಯ್ದು ಮುಗಿಸಿ ಮಗ್ಗದಿಂದ ಇಳಿಸಿದಳು. ಹೊಳಬಸಪ್ಪ ಕುಣಿಯುವುದೊಂದು ಬಾಕಿ. ಓಣಿಯವರನ್ನೆಲ್ಲ ಕರೆಕರೆದು ಮಜ್ಜಿಗೆ ಹಂಚತೊಡಗಿದ. “ಊರಿಗೆಲ್ಲಾ ಹಂಚಬ್ಯಾಡ್ರಿ, ನನಗೂ ಒಂದ ತಂಬಿಗಿ ಇರಲಿ!” ಎಂದು ಒಳಗಿಂದ ಚಂದ್ರವ್ವ ಗುಡುಗಿದಳು. ಹೆಂಡತಿಯ ಗದರಿಕೆ ಕೇಳಿ ಅಷ್ಟು ಹಿಗ್ಗಿದ ಗಂಡಸನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ.