ದೋಣಿಯ ತಳಕ್ಕೆ ಕಪ್ಪು ಬಳಿದ ಶನಿವಾರ

ನೈರೋಬಿಯ ಎಂಬಕಸಿಯಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನ ಹಿಂದೆ, ಕಾರು ನಿಲ್ಲಿಸುವ ಜಾಗದಲ್ಲಿ ಒಂದು ದೋಣಿ ಇತ್ತು. ಹತ್ತಿರದಲ್ಲೆಲ್ಲೂ ಹೊಳೆಯಿಲ್ಲ, ಸಮುದ್ರವಂತೂ ಒಂದು ದಿನದ ದಾರಿ. ಮನೆಗೆ ಬಂದವರೆಲ್ಲ ಕಾಫಿ ಕುಡಿಯುವುದಕ್ಕೆ ಮೊದಲೇ ಅದು ಯಾರದ್ದು ಎಂದು ಕೇಳುತ್ತಿದ್ದರು.

ಅದು ಕೆಳಗಿನ ಮನೆಯ ಅಂಕಲ್‌ರದ್ದು. ಮಂಗಳೂರು ಕಡೆಯ ಕ್ಯಾಥೊಲಿಕರು. ಮನೆಯೊಳಗೆ ಕೊಂಕಣಿ, ನಮ್ಮ ಹತ್ತಿರ ಕನ್ನಡ. ವಿಮಾನ ರಿಪೇರಿ ಕೆಲಸ ಮಾಡಿ ನಿವೃತ್ತರಾದವರು. ಸಿರಿವಂತರ ಬಡಾವಣೆ ರುಂಡಾದಲ್ಲಿದ್ದ ಒಬ್ಬ ಬಿಳಿಯ ತನ್ನ ದೇಶಕ್ಕೆ ಹೊರಟಾಗ ಅವನಿಂದ ಈ ಅಲ್ಯೂಮಿನಿಯಂ ದೋಣಿ ತೆಗೆದುಕೊಂಡಿದ್ದರು. ಇಂಜಿನ್ ಇಲ್ಲ, ತಳ ಚಪ್ಪಟೆ, ಎರಡೂ ತುದಿ ಮೇಲಕ್ಕೆ ಬಾಗಿದೆ. ಹೊಳೆಯ ಹರಿವಿಗೆ ಬಿಟ್ಟು, ಹುಟ್ಟು ಹಾಕುತ್ತ, ಕಲ್ಲುಗಳ ನಡುವೆ ತೇಲಿಕೊಂಡು ಹೋಗಲೆಂದೇ ಮಾಡಿದ್ದು. ತಿಂಗಳಿಗೊಮ್ಮೆ ಅದನ್ನು ಪಿಕಪ್ ಮೇಲೆ ಹೇರಿಕೊಂಡು ಸಗಾನಾದ ಹೊಳೆಗೆ ಮೀನು ಹಿಡಿಯಲು ಹೋಗುತ್ತಿದ್ದರು.

2015ರ ಜನವರಿಯಲ್ಲಿ ಒಂದು ದಿನ ಮೆಟ್ಟಿಲ ಬಳಿ ಸಿಕ್ಕವರ ಮುಖ ಬಾಡಿತ್ತು.

"ಅಡಿಯ ಕೋಟಿಂಗ್ ಎಲ್ಲ ಎದ್ದು ಹೋಗಿದೆ ಮಾರಾಯ್ತಿ. ಕಲ್ಲಿನ ಮೇಲೆ ಕೂತ್ರೆ ಏಳುದೇ ಇಲ್ಲ, ಎಮ್ಮೆಯ ಹಾಗೆ. ಹೊಸತು ಬಳಿಯಬೇಕು."

"ನಾನೂ ಬರ್ತೀನಿ ಅಂಕಲ್," ಅಂದೆ. ಯಾಕೆ ಅಂದೆನೋ ನನಗೇ ಆಶ್ಚರ್ಯ. ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ನನ್ನದು ಬೆರಳ ತುದಿ ಬಿಟ್ಟರೆ ಬೇರೇನೂ ಅಲ್ಲಾಡದ ಕೆಲಸ. ಅಲ್ಲಿಂದ ಮನೆಗೆ ಮಟಾಟುವಿನಲ್ಲಿ, ಅಂದರೆ ಜನ ತುಂಬಿದ ಬಾಡಿಗೆ ವ್ಯಾನಿನಲ್ಲಿ, ಒಂದೂವರೆ ಗಂಟೆ. ಕೈಗೊಂದು ನಿಜವಾದ ಕೆಲಸ ಬೇಕೆನಿಸಿತ್ತೇನೋ.

ಮೊದಲ ಕೆಲಸ ದೋಣಿಯನ್ನು ಮಗುಚಿ ಹಾಕುವುದು. ಆರು ಜನ ಸೇರಿದೆವು. ಗೇಟಿನ ಅಸ್ಕಾರಿ, ಅಂದರೆ ಕಾವಲಿನವನು, "ಮೋಜಾ, ಬಿಲಿ, ತಾತು!" ಎಂದು ಎಣಿಸಿದ, ಮೂರಕ್ಕೆ ಎತ್ತಿದೆವು. ತಳ ನೋಡಿದರೆ ಬಿಸಿಲಿಗೆ ಸುಲಿದ ಬೆನ್ನಿನ ಹಾಗಿತ್ತು. ಆ ವಾರ ದಿನಾ ಸಂಜೆ ಆಫೀಸಿನಿಂದ ಬಂದವಳೇ ಹಳೆಯ ಪದರವನ್ನು ಕೆರೆದು ತೆಗೆಯಲು ಕೂರುತ್ತಿದ್ದೆ. ಒಂದು ದಿನ ಕಬ್ಬಿಣದ ತಂತಿಯ ಬ್ರಷ್ ಕೈಗೆತ್ತಿಕೊಂಡೆ. ಅಂಕಲ್ ಓಡಿಬಂದು ಕಿತ್ತುಕೊಂಡರು.

"ಅದು ಮಾತ್ರ ಮುಟ್ಟಿಸ್ಬೇಡಿ ಆಯ್ತಾ! ಕಬ್ಬಿಣದ ಚೂರು ಒಳಗೆ ಕೂತು ತುಕ್ಕು ಹಿಡೀತದೆ."

ನಮ್ಮ ಅತ್ತೆ ಆಗ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ಎಪ್ಪತ್ತು ವರ್ಷ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ನನ್ನ ಕೆಲಸ ನೋಡುತ್ತಿದ್ದರು. "ಮನೇಲಿ ಬಾಣಲೆ ಉಜ್ಜೋಕೆ ಬೇಜಾರು, ಅವರ ದೋಣಿ ಉಜ್ಜೋಕೆ ಖುಷಿ ನೋಡು ಇವಳಿಗೆ," ಎಂದು ಮಗನಿಗೆ ಹೇಳುತ್ತಿದ್ದರು, ನನಗೂ ಕೇಳುವ ಹಾಗೆ.

ಶನಿವಾರ ಬಂತು. ಉಜ್ಜಿದ ಅಲ್ಯೂಮಿನಿಯಂ ಗಾಳಿಗೆ ಬಿದ್ದರೆ ಮೇಲೆ ಪುನಃ ಪೊರೆ ಕಟ್ಟುತ್ತದೆ, ಆಮೇಲೆ ಏನು ಬಳಿದರೂ ಹಿಡಿಯುವುದಿಲ್ಲ; ಅದಕ್ಕೇ ಕೊನೆಯ ಸಲ ಉಜ್ಜಿದ ಕೂಡಲೇ ಬಳಿದು ಮುಗಿಸಬೇಕು ಎಂದು ಅಂಕಲ್ ಹತ್ತು ಸಲ ಹೇಳಿದ್ದರು. ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ಹತ್ತೂವರೆಗೆಲ್ಲ ತಳವನ್ನು ಬೆಳ್ಳಗೆ ಉಜ್ಜಿ, ಒರೆಸಿ ಇಟ್ಟೆವು. ಬಳಿಯಲು ಎಪಾಕ್ಸಿ: ಜೇನಿನಂಥ ಅಂಟು ಒಂದು ಡಬ್ಬ, ಅದನ್ನು ಗಟ್ಟಿ ಮಾಡುವ ದ್ರವ ಇನ್ನೊಂದು ಡಬ್ಬ. ಜೊತೆಗೆ ಗ್ರಾಫೈಟ್ ಪುಡಿ, ಪೆನ್ಸಿಲ್ ಕಡ್ಡಿಯಂತೆ ಕಪ್ಪಗಿನದು. ಅದು ಸೇರಿದರೆ ತಳ ಕಲ್ಲಿನ ಮೇಲೆ ಜಾರುತ್ತದೆ. ಅಂಥ ಎರಡು ಜೊತೆ ಡಬ್ಬಗಳಿದ್ದವು.

ಅಂಕಲ್ ಕೈಗವಸು ತರಲು ಒಳಗೆ ಹೋದರು. ಆಗ ನನ್ನ ಗಂಡ ಇಳಿದು ಬಂದ. ಅವನದು ವಿಮಾನ ನಿಲ್ದಾಣದ ಕಾರ್ಗೋ ಕೆಲಸ. ಎಲ್ಲವೂ ಒಂದೇ ಖೇಪಿನಲ್ಲಿ ಹೋಗಬೇಕು ಅವನಿಗೆ.

"ಸ್ವಲ್ಪ ಸ್ವಲ್ಪ ಕಲಸ್ಬೇಕಂತೆ ಕಣ್ರೀ," ಅಂದೆ.

"ಒಂದೇ ಸಲ ಕಲಸಿದ್ರೆ ಬೇಗ ಮುಗಿಯುತ್ತೆ ಕಣೇ. ಟೈಮ್ ಮ್ಯಾನೇಜ್‌ಮೆಂಟ್!" ಎಂದವನೇ ಒಂದು ಜೊತೆ ಡಬ್ಬಗಳನ್ನು ಗ್ರಾಫೈಟ್ ಪುಡಿಯ ಸಮೇತ ಪೂರ್ತಿ ಬಕೆಟಿಗೆ ಸುರಿದು ಗರಗರ ತಿರುಗಿಸಿದ.

ಅಂಕಲ್ ಬರುವಷ್ಟರಲ್ಲಿ ಬಕೆಟ್ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಆಮೇಲೆ ಹೊಗೆ. ಅಸ್ಕಾರಿ "ಮೋಟೊ! ಮೋಟೊ!" ಬೆಂಕಿ, ಬೆಂಕಿ ಎಂದು ಕೂಗುತ್ತ ಮರಳು ತಂದ. ಬೆಂಕಿಯೇನೂ ಹತ್ತಲಿಲ್ಲ. ಬಕೆಟಿನಲ್ಲಿ ಕಲ್ಲಿನಂಥ ಕರೀ ಗಡ್ಡೆಯೊಂದು ನಿಂತಿತ್ತು, ಮಧ್ಯೆ ಕಲಕುವ ಕೋಲು ನೆಟ್ಟಗೆ ಸಿಕ್ಕಿಕೊಂಡಿತ್ತು.

"ಎಂತ ಮಾರಾಯ್ರೇ ಇದು!" ಅಂದರು ಅಂಕಲ್. ನನ್ನ ಗಂಡ ಕೋಲನ್ನು ಒಮ್ಮೆ ಎಳೆದು ನೋಡಿದ. ಇಡೀ ಬಕೆಟ್ ಜೊತೆಗೆ ಬಂತು.

ವಾಸನೆಗೆ ಅತ್ತೆ ಕೆಳಗಿಳಿದು ಬಂದರು. ಏನಾಯಿತೆಂದು ಅಂಕಲ್ ವಿವರಿಸಿದರು: ಒಟ್ಟಿಗೆ ಇಟ್ಟರೆ ಅದು ತನ್ನ ಬಿಸಿಗೆ ತಾನೇ ಇನ್ನಷ್ಟು ಬಿಸಿಯಾಗಿ ಗಟ್ಟಿಯಾಗುತ್ತದೆ, ಇವತ್ತು ಬಿಸಿಲು ಬೇರೆ ಜೋರು, ಉಳಿದ ಡಬ್ಬ ಸ್ವಲ್ಪ ಸ್ವಲ್ಪ ಕಲಸಿದರೂ ಬಳಿಯುವ ಮುಂಚೆಯೇ ಕೈಕೊಡಬಹುದು.

"ಅಷ್ಟೇನಾ?" ಅಂದರು ಅತ್ತೆ. "ಪುಳಿಯೋಗರೆಗೆ ಬಿಸಿ ಅನ್ನಾನ ಪಾತ್ರೇಲೇ ಬಿಡ್ತೀವಾ? ಮುದ್ದೆ ಆಗ್ಹೋಗುತ್ತೆ. ಅಗಲಕ್ಕೆ ಹರವಬೇಕು. ತಡೀರಿ."

ಮೇಲೆ ಹೋಗಿ ತಮ್ಮ ಸ್ಟೀಲ್ ಹರಿವಾಣ ತಂದರು, ಮೈಸೂರಿನಿಂದ ಬಟ್ಟೆಯ ನಡುವೆ ಸುತ್ತಿ ತಂದಿದ್ದು. ಅಂಕಲ್ ಹರಿವಾಣವನ್ನು ನೋಡಿದರು, ಅತ್ತೆಯನ್ನು ನೋಡಿದರು.

"ಅಮ್ಮಾ, ಇದು ಪುನಃ ಅಡಿಗೆಗೆ ಆಗುದಿಲ್ಲ."

"ಆಗದಿದ್ರೆ ಬೇಡ. ಬೇಗ ಹಾಕಿ, ಬಿಸಿಲು ಏರ್ತಾ ಇದೆ."

ಅವರು ಹೇಳಿದ್ದು ಸರಿಯಾಗಿತ್ತು. ಒಂದೊಂದು ಲೋಟದಷ್ಟು ಕಲಸಿ ಹರಿವಾಣದಲ್ಲಿ ತೆಳ್ಳಗೆ ಹರಡಿದರೆ ಅದು ಬಿಸಿಯೇರದೆ, ಬಳಿದು ಮುಗಿಯುವವರೆಗೂ ನೀರಾಗಿಯೇ ಇರುತ್ತಿತ್ತು. ನನ್ನ ಗಂಡನಿಗೆ ಕಲಸುವ ಕೆಲಸದಿಂದ ವಜಾ. ಎರಡೂ ಕೈಯಲ್ಲಿ ಹರಿವಾಣ ಹಿಡಿದು ನೆರಳಿನಲ್ಲಿ ನಿಲ್ಲುವ ಕೆಲಸ. ಪಾಪ, ಅಲ್ಲಾಡದೆ ನಿಂತ. ನಾನು ಒಂದು ಕಡೆಯಿಂದ, ಅಂಕಲ್ ಇನ್ನೊಂದು ಕಡೆಯಿಂದ ರೋಲರ್ ಎಳೆದೆವು. ಬೆಳ್ಳಗಿದ್ದ ತಳ ಅಂಗೈಯಗಲ, ಮೊಳದಗಲ ಕಪ್ಪಾಗುತ್ತ ಬಂತು. "ಇಲ್ಲೊಂದು ಚೂರು ಬಿಟ್ಟಿದ್ದೀಯ ನೋಡು," ಎಂದು ಅತ್ತೆ ಸುತ್ತು ಬರುತ್ತಿದ್ದರು. ಅಂಕಲ್ ಮೂಗು ತುರಿಸಿಕೊಂಡರು, ನಾನು ಹಣೆ ಒರೆಸಿಕೊಂಡೆ. ಒಬ್ಬರ ಮುಖ ಒಬ್ಬರು ನೋಡಿ ಕೆಲಸ ನಿಲ್ಲಿಸಿ ನಗಬೇಕಾಯಿತು. ಅಸ್ಕಾರಿ ಗೇಟು ಬಿಟ್ಟು ಬಂದು ನಕ್ಕ. ಮಧ್ಯಾಹ್ನದ ಹೊತ್ತಿಗೆ ತಳಕ್ಕೆಲ್ಲ ಒಂದು ಪದರ ಆಗಿತ್ತು. ಸಂಜೆ ಉಳಿದದ್ದರಲ್ಲಿ ಕಲ್ಲು ಹೆಚ್ಚು ತಗಲುವ ನಡುಭಾಗಕ್ಕೆ ಇನ್ನೊಂದು ಪದರ.

ಹರಿವಾಣ ಹಾಳಾಯಿತು. ಮರುದಿನ ಅಂಕಲ್ ಹೊಸದೊಂದು ತಂದುಕೊಟ್ಟರು. ಅತ್ತೆ ಬೆರಳ ಗೆಣ್ಣಿನಿಂದ ಬಡಿದು ನೋಡಿ, "ತೆಳು. ಇರಲಿ," ಅಂದರು.

ಒಂದು ವಾರ ಒಣಗಲು ಬಿಟ್ಟು ಸಗಾನಾಕ್ಕೆ ಹೋದೆವು. ಅತ್ತೆ ದಡದಲ್ಲಿ ಕೂರುತ್ತಾರೆಂದು ನಾವು ಚಾಪೆ ತಂದಿದ್ದೆವು. ಅವರು ಚಾಪೆಯನ್ನು ನೋಡಲೂ ಇಲ್ಲ. ಸೀರೆಯ ಮೇಲೆ ಲೈಫ್ ಜಾಕೆಟ್ ಬಿಗಿಸಿಕೊಂಡು ದೋಣಿಯ ಮುಂದಿನ ಹಲಗೆಯ ಮೇಲೆ ಕೂತುಬಿಟ್ಟರು. ಇಲ್ಲೆಲ್ಲ ನೀರು ಮೊಣಕಾಲುದ್ದ ಎಂದು ಅಂಕಲ್ ಧೈರ್ಯ ಹೇಳಿದ ಮೇಲೆ, ಈಜು ಬಾರದ ನಾನೂ ಹತ್ತಿದೆ. ನನ್ನ ಗಂಡ ಪಿಕಪ್ ತೆಗೆದುಕೊಂಡು ಕೆಳಗಿನ ಸೇತುವೆಯ ಹತ್ತಿರ ಕಾಯಲು ಹೋದ.

ಮೊದಲ ಕಲ್ಲು ಬಂದಾಗ ನಾನು ಕಣ್ಣು ಮುಚ್ಚಿದೆ. ಕಾಲಡಿಯಲ್ಲಿ ಸರ್ರೆಂದು ಒಂದು ಸದ್ದು, ಅಷ್ಟೇ. ಕಣ್ಣು ಬಿಟ್ಟರೆ ಕಲ್ಲು ಹಿಂದೆ ಉಳಿದಿತ್ತು.

"ಜಾರಿತು ಮಾರಾಯ್ತಿ, ಬೆಣ್ಣೆಯ ಹಾಗೆ!" ಎಂದು ಅಂಕಲ್ ಹುಟ್ಟು ಬಿಟ್ಟು ಚಪ್ಪಾಳೆ ತಟ್ಟಿದರು. ದೋಣಿ ಅಡ್ಡಲಾಗಿ ತಿರುಗಿತು. ಅತ್ತೆ ಮಾತ್ರ ಎರಡೂ ಅಂಚು ಗಟ್ಟಿಯಾಗಿ ಹಿಡಿದು, ಮುಖದ ಮೇಲೆ ನೀರು ಸಿಡಿದಾಗಲೆಲ್ಲ ಜೋರಾಗಿ ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಮದುವೆಯಾದ ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ.

ಸೇತುವೆಯ ಹತ್ತಿರ ಇಳಿಸಲು ನನ್ನ ಗಂಡ ಕೈ ಚಾಚಿದ. ಅತ್ತೆ ಇಳಿಯಲಿಲ್ಲ.

"ಇನ್ನೊಂದ್ಸಲ ಹೋಗೋಣ," ಅಂದರು.

"ಅಮ್ಮ, ದೋಣಿ ಮತ್ತೆ ಗಾಡಿಗೆ ಹೇರಿ ಮೇಲಕ್ಕೆ ತಗೊಂಡು ಹೋಗ್ಬೇಕು."

"ಹೇರಪ್ಪ. ಬಕೆಟ್ ಹಾಳು ಮಾಡೋಕೆ ಶಕ್ತಿ ಇತ್ತಲ್ಲ."

ಹೇರಿದೆವು. ಎರಡನೆಯ ಸಲ ಅಂಕಲ್ ಹುಟ್ಟುಗಳನ್ನು ನನ್ನ ಕೈಗೆ ಕೊಟ್ಟರು. ಹೋಗುವ ದಿಕ್ಕಿಗೇ ಮುಖ ಮಾಡಿ, ಹರಿವಿಗೆ ಎದುರಾಗಿ ಎಳೆದು ವೇಗ ತಗ್ಗಿಸಬೇಕಂತೆ. ಎರಡು ಕಲ್ಲಿಗೆ ತಾಗಿಸಿದೆ, ಮೂರನೆಯದನ್ನು ತಪ್ಪಿಸಿದೆ.